ಜರ್ಮನ್ ಪುಟದ ಇರುವೆಗಳು

ಮರಾಠಿ ಸೀಮೆಯ ಅಂಚಿನ ನಮ್ಮ ಜತ್ತ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮರುವರ್ಷ, ನನ್ನ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಒಂದು ದಪ್ಪ ಜರ್ಮನ್ ವೈದ್ಯಗ್ರಂಥ ವಾಸವಾಗಿತ್ತು. ನಾನು ವೈದ್ಯೆಯಲ್ಲ ಮಿತ್ರರೇ, ಕನ್ನಡ ಸಾಲೆಯ ಅಕ್ಕೋರು. ಪುಣೆಯ ಕಾಲೇಜಿನಲ್ಲಿ ಎರಡು ವರ್ಷ ಕಲಿತ ಜರ್ಮನ್ ನನ್ನಲ್ಲಿ ಸುಮ್ಮನೆ ಉಳಿದಿತ್ತು. ಅದನ್ನರಿತ ನಮ್ಮೂರ ಡಾಕ್ಟರರು, ತಮ್ಮ ಗುರುಗಳು ಬಿಟ್ಟುಹೋದ ಆ ಗ್ರಂಥದ ನರರೋಗಗಳ ಅಧ್ಯಾಯವನ್ನು ಇಂಗ್ಲಿಷಿಗೆ ತಂದುಕೊಡಿರೆಂದು ಕೇಳಿದ್ದರು.

ಭಾಷೆ ಬಲ್ಲೆನೆಂಬ ಹಮ್ಮು ಎರಡನೆಯ ಪುಟದಲ್ಲೇ ಇಳಿಯಿತು. 'ಟೌಬ್' ಎಂದರೆ ಕಿವುಡು ಎಂದಷ್ಟೇ ಕಲಿತಿದ್ದ ನಾನು, ಕಾಲ್ಬೆರಳುಗಳಿಗೆ ಕಿವುಡು ಬರುತ್ತದೆಂದು ಬರೆದುಕೊಟ್ಟೆ. 'ಆಮೈಸನ್‌ಲೌಫನ್' ನನ್ನ ಸಣ್ಣ ನಿಘಂಟಿನಲ್ಲಿ ಇರಲೇ ಇಲ್ಲ; ಬಿಡಿಸಿದರೆ ಇರುವೆಗಳ ಓಟ. ನರಗಳ ಅಧ್ಯಾಯಕ್ಕೆ ಇರುವೆಗಳೇಕೆ ಬಂದವು? ಡಾಕ್ಟರರು ನಗಲಿಲ್ಲ; ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಹಾಳೆಗಳೊಂದಿಗೆ ದವಾಖಾನೆಯಲ್ಲಿ ಕುಳಿತಿದ್ದ ಒಂದು ಮುಂಜಾನೆ, ಮಾಡಗ್ಯಾಳದ ಕುರುಬರ ಸೊಸೆ ಮಾಳವ್ವ, ಕೂಸನ್ನೆತ್ತಿಕೊಂಡ ಅತ್ತೆಯೊಡನೆ ಬಂದಳು. ಹೆರಿಗೆಯಾಗಿ ಐದು ತಿಂಗಳು. ಬಾಣಂತಿ ಪಥ್ಯವೆಂದು ಅಂದಿನಿಂದ ಬರೀ ಬಿಳಿ ಅನ್ನ. ನಡೆದರೆ ಕಾಲು ತಡವರಿಸುತ್ತಿದ್ದವು. ಮಹಾರೋಗವೆಂದು, ಅಂದರೆ ಕುಷ್ಠವೆಂದು, ಹೆದರಿದ ಅತ್ತೆ ಅವಳ ತಾಟನ್ನು ಬೇರೆ ಇಟ್ಟಿದ್ದಳು, ಕೂಸನ್ನೂ ಅವಳ ಕೈಗೆ ಕೊಡುತ್ತಿರಲಿಲ್ಲ. ಏನಾಗುತ್ತದೆಂದು ಡಾಕ್ಟರರು ಕೇಳಿದಾಗ ಮಾಳವ್ವ ನೆಲ ನೋಡುತ್ತ ಹೇಳಿದಳು:

"ಅಂಗಾಲಾಗ ಇರುವಿ ಹರದಾಂಗ ಆಗ್ತೈತ್ರಿ. ನೋಡಿದ್ರ ಒಂದೂ ಇರಂಗಿಲ್ಲ."

ನನ್ನ ಕೈಯ ಹಾಳೆಯಲ್ಲೂ ಅದೇ ಇರುವೆಗಳ ಓಟವಿತ್ತು. ಮರಾಠಿಯಲ್ಲೂ ಕಾಲಿಗೆ 'ಮುಂಗ್ಯಾ', ಅಂದರೆ ಇರುವೆಗಳು, ಬಂದವೆಂದೇ ಅನ್ನುತ್ತಾರಲ್ಲವೆ? ಹುಟ್ಟಿದಾಗಿನಿಂದ ಎರಡು ಭಾಷೆಗಳಲ್ಲಿ ಕೇಳಿದ ಮಾತನ್ನು ಮೂರನೆಯದರಲ್ಲಿ ನಾನು ಗುರುತಿಸಿರಲಿಲ್ಲ. ರೋಗಕ್ಕೆ ಹೆಸರಿಟ್ಟವರು ಯಾವ ದೇಶದಲ್ಲೇ ಆಗಲಿ, ಮೊದಲು ರೋಗಿಯ ಮಾತಿಗೇ ಕಿವಿಗೊಟ್ಟಿರಬೇಕು. ಬೆರಳಿನ ಕಿವುಡೆಂದರೆ ಜೋಮು, ನಂಬ್‌ನೆಸ್. ಇರುವೆಗಳ ಓಟವೆಂದರೆ ಜುಮುಗುಡುವುದು, ಟಿಂಗ್ಲಿಂಗ್. ನಾನು ಗ್ರಂಥ ತೆರೆದು, ತಡೆಯಿಲ್ಲದೆ ಇಂಗ್ಲಿಷಿನಲ್ಲಿ ಓದುತ್ತ ಹೋದೆ: ಬಿಳಿ ಅಕ್ಕಿಯೊಂದನ್ನೇ ಉಂಡವರಲ್ಲಿ ಇವು ಎರಡೂ ಕಾಲಿಗೆ ಸಮನಾಗಿ ಬರುತ್ತವೆ.

ಡಾಕ್ಟರರು ಚರ್ಮದ ಮೇಲೆ ಮಚ್ಚೆ ಹುಡುಕಿದರು, ನರಗಳನ್ನು ಒತ್ತಿ ನೋಡಿದರು. ಎಲ್ಲವನ್ನೂ ಎರಡೆರಡು ಸಲ. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಇದು ಮಹಾರೋಗ ಅಲ್ಲವ್ವಾ, ಊಟದ ಕೊರತಿ. ರೊಟ್ಟಿ, ಕಾಳಿನ ಪಲ್ಯಾ ಹಾಕ್ರಿ. ಸೂಜಿ ನಾ ಮಾಡ್ತೀನಿ."

ಮುದುಕಿ ಕೂಸನ್ನು ತಂದು ಸೊಸೆಯ ಮಡಿಲಲ್ಲಿ ಮಲಗಿಸಿ, ಅಲ್ಲೇ ನೆಲದ ಮೇಲೆ ಅವಳಿಗೆ ಆತು ಕುಳಿತಳು.

ಎರಡು ತಿಂಗಳ ಮೇಲೆ ಮಾಳವ್ವ ಕೂಸನ್ನು ಟೊಂಕಕ್ಕೆ ಏರಿಸಿಕೊಂಡು, ಯಾರ ಆಸರೆಯೂ ಇಲ್ಲದೆ ದವಾಖಾನೆಯ ಮೆಟ್ಟಿಲು ಹತ್ತಿದಳು. ನಾನು ಪೆನ್ಸಿಲು ಹಿಡಿದು ಅವಳ ಪಕ್ಕ ಕುಳಿತೆ; ಅಧ್ಯಾಯದಲ್ಲಿ ನನಗಿನ್ನೂ ಬಿಡಿಸಲಾಗದಿದ್ದ ಮಾತುಗಳಿಗಾಗಿ, ಉರಿ ಹೇಗಿತ್ತು, ಚುಚ್ಚು ಹೇಗಿತ್ತು, ಸೆಳೆತ ಹೇಗಿತ್ತು ಎಂದು ಒಂದೊಂದಾಗಿ ಕೇಳಿದೆ. ಅವಳು ನಗುತ್ತ ಹೇಳಿದಳು, ನಾನು ಬರೆದುಕೊಂಡೆ. ಆ ವಾರವೇ ಅಧ್ಯಾಯ ಮುಗಿಯಿತು.