ನೀಲವ್ವ ನೀರು ಬಿಟ್ಟದ್ದು

ನೀರು ಶುದ್ಧ ಮಾಡುವ ಯಂತ್ರ ಕೂಡಿಸಲು ಬಂದವನು ನಮ್ಮ ನಲ್ಲಿಯ ಬಾಯಿಗೆ ಕಟ್ಟಿದ್ದ ಅರಿವೆಯನ್ನು ಬಿಚ್ಚಿ ನನ್ನ ಕೈಗಿಟ್ಟು, "ಇನ್ನ ಇದರ ಕೆಲಸ ಮುಗೀತ್ರಿ ಬಾಯಾರ" ಅಂದ. ಹಸಿ ಹತ್ತಿಬಟ್ಟೆಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು: ಅರ್ಧ ಮಣ್ಣು, ಅರ್ಧ ಮಳೆ. ಅದು ಮೂಗಿಗೆ ಬಡಿದದ್ದೇ ತಡ, ನಾನು ನೀಲವ್ವನ ಪಡಸಾಲೆಯಲ್ಲಿದ್ದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಹೋಯಿತು. ಅದು ನನಗೆ ಹೊಸದಲ್ಲ.

ಎಪ್ಪತ್ತರ ದಶಕದಲ್ಲಿ ನಾನು ದೇವರ ಹಿಪ್ಪರಗಿಯ ಆಚೆ ಒಂದು ಹಳ್ಳಿಯ ಸಾಲೆಯಲ್ಲಿ ಅಕ್ಕೋರು ಆಗಿದ್ದೆ. ಬಾಡಿಗೆಗಿದ್ದದ್ದು ನೀಲವ್ವನ ಮನೆಯಲ್ಲಿ. ಆಕೆ ಬೆಳಗಾದರೆ ಅಂಗೈಯಲ್ಲಿ ಲಿಂಗ ಹಿಡಿದು, ನೀರೆರೆದು, ಆಮೇಲೆಯೇ ಬಾಯಿ ತೆರೆಯುವಾಕೆ. ತೆರೆದ ಮೇಲೆ ಮುಚ್ಚುತ್ತಿರಲಿಲ್ಲ, ಅದು ಬೇರೆ ಮಾತು. ಸಂಜೆ ದೀಪಕ್ಕೆ ಹುಳ ಬಿದ್ದೀತೆಂದು ದೀಪವನ್ನೇ ಬೇಗ ಆರಿಸುತ್ತಿದ್ದಳು. ನನ್ನ ಪರೀಕ್ಷೆಯ ಪೇಪರುಗಳೆಲ್ಲ ಆ ಕಾಲದಲ್ಲಿ ಅಂದಾಜಿನ ಮೇಲೆ ತಿದ್ದಲ್ಪಟ್ಟವು ಎಂದರೂ ನಡೆದೀತು.

ಊರಿಗೆ ಇದ್ದದ್ದು ಒಂದೇ ಮೆಟ್ಟಿಲ ಬಾವಿ. ಊರಿನ ಜಡ್ಡೂ ಒಂದೇ, ನಾರುಹುಣ್ಣು. ಕಾಲಲ್ಲಿ ಬೊಕ್ಕೆ ಎದ್ದು, ಅದರೊಳಗಿಂದ ನೂಲಿನಂಥ ಹುಳ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು. ಬಿತ್ತುವ ಹೊತ್ತಿಗೆ ಅರ್ಧ ಊರು ಜಗುಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿತ್ತು.

ಅಲ್ಲಿಗೆ ಬಂದವರು ವತ್ಸಲಾ ಡಾಕ್ಟರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಆಡುವ ವೈಷ್ಣವರ ಮಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಅಂತ ಬಸ್ಸಿನಲ್ಲಿ ಅಲೆಯುವುದೇ ಅವರ ನೌಕರಿ. ತೊಡೆಯ ಮೇಲೆ ಸೂಕ್ಷ್ಮದರ್ಶಕದ ಪೆಟ್ಟಿಗೆ, ಹಸುಗೂಸನ್ನು ಕೂಡಿಸಿಕೊಂಡಂತೆ. ಅವರು ಹೇಳುತ್ತಿದ್ದದ್ದು ಸರಳ: ಹುಣ್ಣಿದ್ದ ಕಾಲನ್ನು ಬಾವಿಗೆ ಇಟ್ಟರೆ ನಾರು ಅಲ್ಲಿ ಮರಿ ಹಾಕುತ್ತದೆ, ನೀರಿನ ಸಣ್ಣ ಹುಳ ಆ ಮರಿಯನ್ನು ನುಂಗುತ್ತದೆ, ಆ ಹುಳವನ್ನು ನಾವು ಕುಡಿಯುತ್ತೇವೆ. ಯಾರೂ ನಂಬಲಿಲ್ಲ. "ನೀರ ಕನ್ನಡಿ ಇದ್ದಂಗ ಐತಿ. ಹುಳ ಎಲ್ಲಿ ಬಂತ್ರಿ?" ಎನ್ನುತ್ತಿದ್ದರು.

ಸರಿ, ತೋರಿಸಿಯೇ ಬಿಡೋಣ ಎಂದು ಡಾಕ್ಟರು ನೀಲವ್ವನ ಪಡಸಾಲೆಯಲ್ಲಿ ಪೆಟ್ಟಿಗೆ ತೆರೆದರು. ಮೊದಲು ಕಣ್ಣಿಟ್ಟವಳು ನೀಲವ್ವ. ಬಹಳ ಹೊತ್ತು ನೋಡಿದಳು.

"ಜೀವ ಅದಾವೇನ್ ಇವು?"

"ಹೌದ್ರಿ ಆಯಿ. ನೋಡ್ರಿ, ಹೆಂಗ ಈಜಾಡಾಕತ್ತಾವು" ಎಂದರು ಡಾಕ್ಟರು, ಗೆದ್ದ ಖುಷಿಯಲ್ಲಿ.

"ಇದ ನೀರ ನಾ ಲಿಂಗಕ್ಕ ಎರದೇನಿ. ಇದನ್ನ ಕುಡದೇನಿ. ಹುಟ್ಟಿದಾಗಿಂದ ಜೀವಾ ತಿನ್ಕೋತ ಬಂದೇನಿ."

ಅಂದಿನಿಂದ ನೀಲವ್ವ ನೀರು ಬಿಟ್ಟಳು.

ನಾನು ನಗಲಿಕ್ಕೆ ಹೋಗಿದ್ದೆ, ಆಕೆಯ ಮುಖ ನೋಡಿ ಸುಮ್ಮನಾದೆ. ಬೇಸಿಗೆ ಕಾದ ಹಂಚಾಗಿತ್ತು. ಎಮ್ಮೆ ಹಾಲಿನ ಒಂದು ಗುಟುಕು ಬಿಟ್ಟರೆ ಏನೂ ಇಲ್ಲ. ತುಟಿ ಒಡೆದವು, ಮಾತು ನಿಂತಿತು. ನೀಲವ್ವನ ಮನೆಯಲ್ಲಿ ಮಾತು ನಿಲ್ಲುವುದೆಂದರೆ ಏನೆಂದು ಅಲ್ಲಿದ್ದವರಿಗೇ ಗೊತ್ತು. "ಮುದುಕಿ ಸತ್ರ ಡಾಕ್ಟರಬಾಯೇ ಕೊಂದಂಗ" ಎಂದು ಊರು ಮಾತಾಡತೊಡಗಿತು. ಹಾಗೇನಾದರೂ ಆದರೆ ಮತ್ತೆ ಆ ಪೆಟ್ಟಿಗೆಯನ್ನು ಊರೊಳಗೆ ಯಾರು ಬಿಡುತ್ತಿದ್ದರು? ನಾನು ಹೆದರಿ, ಸಿಂದಗಿಗೆ ಹೊರಟ ಬಸ್ಸಿನ ಕಂಡಕ್ಟರನ ಕೈಯಲ್ಲಿ ಡಾಕ್ಟರಿಗೆ ಹೇಳಿಕಳಿಸಿದೆ.

ಅವರು ಬಂದವರೇ ನೀಲವ್ವನ ಕೈ ಹಿಡಿದು ನಾಡಿ ನೋಡಿದರು.

"ಕುದಿಸಿ ಆರಿಸಿ ಕುಡೀರಿ ಆಯಿ."

"ಕುದಿಸಿದ್ರ ಸಾಯ್ತಾವಲ್ಲ. ಕೊಂದು ಕುಡೀಲೇನು?"

"ಸಲಾಯಿನ್ ಹಚ್ಚತೇನಿ, ಹೂಂ ಅನ್ರಿ."

"ಅದೂ ನೀರ ಅಲ್ಲೇನು, ತಂಗಿ?"

ಡಾಕ್ಟರು ಕಂಬಕ್ಕೆ ಒರಗಿ ಕೂತರು. ಆಮೇಲೆ ಎದ್ದು, ನನ್ನ ಹಳೆಯ ಹತ್ತಿಸೀರೆಯ ಒಂದು ತುಂಡನ್ನು ಹರಿದು, ಮಡಿಚಿ ಕೊಡದ ಬಾಯಿಗೆ ಕಟ್ಟಿ ನೀರು ಸುರಿದರು. ಸೋಸಿದ ಹನಿಯನ್ನು ಮಸೂರದ ಕೆಳಗಿಟ್ಟು, ಆಕೆಯನ್ನು ತೋಳಲ್ಲಿ ಹಿಡಿದೆತ್ತಿ ತೋರಿಸಿದರು. ಏನೂ ಇರಲಿಲ್ಲ. ಆದರೆ ನೀಲವ್ವ ನೀಲವ್ವನೇ.

"ಹಂಗಾರ ಅವು ಎಲ್ಲಿ ಹೋದ್ವು?"

"ಅರಿವ್ಯಾಗ ಅದಾವ್ರಿ."

"ಒಣಗಿದ್ರ ಸಾಯ್ತಾವ."

ಡಾಕ್ಟರು ಆ ಅರಿವೆಯನ್ನು ನೋಡಿದರು. ಈ ಹುಳವನ್ನು ನೀರಿನಿಂದ ಇಲ್ಲವಾಗಿಸುವುದಕ್ಕೇ ಅವರು ಅಷ್ಟೂರು ತಿರುಗಿದ್ದು, ಬಾವಿಗೆ ಹಾಕುವ ಔಷಧವೂ ಅವರ ಚೀಲದಲ್ಲಿತ್ತು. ಅವರು ಅರಿವೆಯನ್ನು ತಂಬಿಗೆಯ ನೀರಿನಲ್ಲಿ ಹೊರಳಿಸಿ ಜಾಲಿಸಿದರು. ಬಿಸಿಲಿನಲ್ಲಿ ಬಾವಿಗೆ ನಡೆದರು. ಕಾಲು ನೀರಿಗೆ ಸೋಕದಂತೆ ಮೇಲಿನ ಮೆಟ್ಟಿಲಲ್ಲಿ ನಿಂತು ತಂಬಿಗೆಗೆ ಹಗ್ಗ ಕಟ್ಟಿ ಇಳಿಬಿಟ್ಟು, ಹುಳಗಳನ್ನು ಬಾವಿಗೇ ಬಿಟ್ಟರು. ನಾನು ಹಿಂದೆಯೇ ಇದ್ದೆ. "ಬಾವ್ಯಾಗ ಇರ್ಲಿ. ಎಲ್ಲಾರೂ ಸೋಸಿ ಕುಡದು, ಹುಣ್ಣಿನ ಕಾಲು ಇಲ್ಲಿಗೆ ತರಲಿಲ್ಲಂದ್ರ ಇವು ಯಾರಿಗೇನ ಮಾಡ್ತಾವು?" ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಹುಳ ಬಾವಿ ಸೇರಿದವೆಂದು ಕೇಳಿ ನೀಲವ್ವ ಸೋಸಿದ ನೀರು ಕುಡಿದಳು. ಡಾಕ್ಟರು ಗೋಡೆಯ ಕಡೆ ತಿರುಗಿ ಅತ್ತರು, ನಾನೂ ಅತ್ತೆ.

ಚೇತರಿಸಿಕೊಂಡ ಮೇಲೆ ಮುದುಕಿ ಬಾವಿಯ ಮೇಲ್ಮೆಟ್ಟಿಲಲ್ಲಿ ಠಾಣೆ ಹೂಡಿದಳು. ಅರಿವೆ ಇಲ್ಲದ ಕೊಡ ಮುಂದೆ ಹೋಗುವಂತಿಲ್ಲ, ಹುಣ್ಣಿದ್ದವರು ಇಳಿಯುವಂತಿಲ್ಲ, ಅರಿವೆಯನ್ನು ಬಾವಿಗೇ ಜಾಲಿಸದೆ ಮನೆಗೆ ಒಯ್ಯುವಂತಿಲ್ಲ. ಆಕೆಯ ಬಾಯಿಗೆ ಹೆದರದವರು ಆ ಸುತ್ತಿನಲ್ಲಿ ಯಾರಿದ್ದರು? ಕೆಲವು ಬೇಸಿಗೆಗಳಾದ ಮೇಲೆ ಬಿತ್ತುವ ಹೊತ್ತಿಗೆ ಜಗುಲಿಗಳು ಖಾಲಿಯಾದವು. ಡಾಕ್ಟರ ಚೀಲದ ಔಷಧ ನಮ್ಮೂರಲ್ಲಿ ಹೊರಬರಲೇ ಇಲ್ಲ.

ವತ್ಸಲಾ ಡಾಕ್ಟರು ಮುಂದೆ ದೊಡ್ಡ ಸೂಕ್ಷ್ಮಜೀವಿ ತಜ್ಞೆಯಾದರು, ಪ್ರಶಸ್ತಿಗಳು ಬಂದವು. ಒಂದು ಸಮಾರಂಭಕ್ಕೆ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಇಟ್ಟ ನೀರಿನ ಲೋಟವನ್ನು ಅವರು ದೀಪಕ್ಕೆ ಹಿಡಿದು ನೋಡಿ, ಆಮೇಲೆ ಕುಡಿದರು. ಜನ ಏನೆಂದುಕೊಂಡರೋ ಏನೋ.

ಯಂತ್ರದವನು ಹೋದ ಮೇಲೆ ಅವರಿಗೇ ಫೋನು ಮಾಡಿದೆ. ವಯಸ್ಸಾಗಿದೆ, ಕಿವಿ ಮಂದ, ದನಿ ಮಾತ್ರ ಹಾಗೆಯೇ ಇದೆ.

"ಯಂತ್ರ ಹಾಕಿಸೇನ್ರಿ."

"ಛಲೋ ಆತು. ಅರಿವಿ ಏನ್ ಮಾಡ್ದಿ?"

"ತಂತಿ ಮ್ಯಾಲ ಒಣಾ ಹಾಕೇನ್ರಿ."

"ಹಂಗ ಒಣಾ ಹಾಕಬ್ಯಾಡ. ಮೊದಲ ನೀರಾಗ ಹೊರಳಿಸಿ ಜಾಲಿಸು."

ನಲ್ಲಿಯ ನೀರಿನ ಅರಿವೆಯಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತು. ಅವರಿಗಂತೂ ನನಗಿಂತ ಚೆನ್ನಾಗಿ ಗೊತ್ತು. ನಾನು ಹಿತ್ತಲಿಗೆ ಹೋಗಿ, ಅರಿವೆಯನ್ನು ತಂತಿಯಿಂದ ಇಳಿಸಿ, ಬಕೆಟ್ಟಿನಲ್ಲಿ ನಿಧಾನಕ್ಕೆ ಹೊರಳಿಸಿ ಜಾಲಿಸಿದೆ.