ಕಂಬಗಳಾಚೆಯ ದಾರಿ

ಚೌಕಟ್ಟು ಹಾಕುವ ಅಂಗಡಿಯಲ್ಲಿ, ಯಜಮಾನರ ತಲೆಯ ಮೇಲೆ ಒಂದು ಹಳೆಯ ಚಿತ್ರ ತೂಗುತ್ತಿತ್ತು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ್ದು. ರೋಮನ್ನರ ಕಾಲದ ಪಾಳುಗುಡಿ; ಮೂರು ಕಂಬ, ಮೇಲೊಂದು ಮುರುಕು ತೊಲೆ. ಯಾರಾದರೂ ಕೇಳಿದರೆ ಸಾಕು, ಯಜಮಾನರ ಪಾಠ ಸಿದ್ಧ.

"ಸೂರು ಹೋಯ್ತು, ದೇವರೂ ಹೋದ. ಕಂಬ ಮಾತ್ರ ನಿಂತಿವೆ ನೋಡಿ. ಕರ್ತವ್ಯ ಅಂದ್ರೆ ಅದು. ನನ್ನ ಮಗಳೂ ಹಾಗೇ, ಈ ಮನೆಯ ಕಂಬ."

"ಕಂಬಕ್ಕೆ ಕಾಲಿದ್ದಿದ್ರೆ ಗೊತ್ತಾಗ್ತಿತ್ತು ಬಿಡಿ," ಎನ್ನುವನು ಪಕ್ಕದಂಗಡಿಯ ದರ್ಜಿ.

ಮಗಳು ನಗುತ್ತಿರಲಿಲ್ಲ. ತಾಯಿ ತೀರಿಕೊಂಡು, ತಂಗಿ ಮದುವೆಯಾಗಿ ಹೋಗಿ, ತಂದೆಯ ಕಣ್ಣು ಮಂಜಾದ ಮೇಲೆ, ಗಾಜು ಕೊಯ್ಯುವುದರಿಂದ ಒಲೆ ಹಚ್ಚುವವರೆಗೆ ಎಲ್ಲ ಅವಳ ತಲೆಗೇ ಕಟ್ಟಿತ್ತು. ಈಗ ದೂರದ ಊರಿನ ವಸ್ತುಸಂಗ್ರಹಾಲಯದವರು ಹಳೆಯ ಚಿತ್ರಗಳನ್ನು ಸರಿಮಾಡುವ ಕೆಲಸಕ್ಕೆ ಅವಳನ್ನು ಕರೆದಿದ್ದರು. ಸಂಜೆಯೊಳಗೆ ಫೋನಿನಲ್ಲಿ ಹೂಂ ಅನ್ನಬೇಕು. "ಅಪ್ಪನ್ನ ನಾನು ನೋಡ್ಕೋತೀನಿ ಅಕ್ಕ, ಹೋಗು" ಎಂದು ತಂಗಿಯೂ ಹೇಳಿದ್ದಳು. ಆದರೆ ತಂದೆಯ ಮುಂದೆ ಬಾಯಿ ಬಂದಿರಲಿಲ್ಲ.

ಕೈ ಸುಮ್ಮನಿರಲಾರದೆ, ಗಾಜಿನೊಳಗೆ ಬೂಷ್ಟು ಹಿಡಿದಿದ್ದ ಆ ಚಿತ್ರವನ್ನೇ ಇಳಿಸಿ ಬಿಚ್ಚಿದಳು. ಸುತ್ತಲೂ ಅಂಚು ಮುಚ್ಚಿದ್ದ ರಟ್ಟನ್ನು ಎತ್ತಿದರೆ, ಬಲಗಡೆ ಇನ್ನೂ ನಾಲ್ಕು ಬೆರಳಿನಷ್ಟು ಚಿತ್ರ! ಕಂಬಗಳಾಚೆ ಒಂದು ದಾರಿ. ಆ ದಾರಿಯಲ್ಲಿ ತಲೆಯ ಮೇಲೆ ಗಂಟು ಹೊತ್ತು, ಬೆನ್ನು ತಿರುಗಿಸಿ ನಡೆದಿರುವ ಹೆಂಗಸು.

"ಅಪ್ಪಾ, ಇಲ್ಲೊಬ್ಬಳು ಹೋಗ್ತಿದಾಳೆ."

"ಗೊತ್ತು. ಆ ಕಡೆ ನೀರಿನ ಕಲೆ ಇತ್ತು, ಮುಚ್ಚಿದೆ."

"ಕಲೆ ಎಲ್ಲೂ ಇಲ್ವಲ್ಲ."

ಯಜಮಾನರು ಮೂಲೆಯ ಸ್ಟೂಲಿನ ಕಡೆ ಮುಖ ತಿರುಗಿಸಿದರು. "ನಿಮ್ಮಮ್ಮ ಆ ಸ್ಟೂಲಿನ ಮೇಲೆ ಕೂತು ದಿನಾ ಅವಳನ್ನೇ ನೋಡೋಳು," ಎಂದರು. "ನನಗೆ ಹೆದರಿಕೆ ಆಗೋದು."

ಆಮೇಲೆ ಅವರೇ ಕೇಳಿದರು.

"ನಿನ್ನ ತಂಗಿ ಎಲ್ಲ ಹೇಳಿದ್ಲು. ಯಾವಾಗ ಹೊರಡ್ತೀಯ?"

"ಹೊರಡ್ತೀನಿ ಅಂತ ಯಾರಂದ್ರು?" ಮನಸ್ಸಿಗಿಂತ ಮೊದಲೇ ನಾಲಿಗೆ ಉತ್ತರ ಕೊಟ್ಟುಬಿಟ್ಟಿತು.

ಸಂಜೆ ಫೋನಿನಲ್ಲಿ ಆಗುವುದಿಲ್ಲವೆಂದಳು. ಆಮೇಲೆ ಹೊಸ ರಟ್ಟನ್ನು, ಹೆಂಗಸು ಪೂರ್ತಿ ಕಾಣುವಷ್ಟು ಅಗಲವಾಗಿ ಕೊಯ್ದು ಕೂರಿಸಿದಳು. ತಂದೆ ಬೆರಳಾಡಿಸಿ ಅಳತೆ ತಿಳಿದುಕೊಂಡರು, ಬೇಡವೆನ್ನಲಿಲ್ಲ.

ಈಗಲೂ ಗಿರಾಕಿಗಳು ಚಿತ್ರದ ಅರ್ಥ ಕೇಳುತ್ತಾರೆ. ಯಜಮಾನರು "ದೇವರೂ ಹೋದ" ಎನ್ನುವಲ್ಲಿಗೇ ಪಾಠ ನಿಲ್ಲಿಸುತ್ತಾರೆ. ಕಂಬದ ಮಾತು ಎತ್ತುವುದಿಲ್ಲ. ಕೆಲಸ ಮುಗಿದ ಮೇಲೆ ಮಗಳು ಅಮ್ಮನ ಸ್ಟೂಲಿನ ಮೇಲೆ ಕೂರುತ್ತಾಳೆ.