ಹಳ್ಳ ಇಳಿಯುವ ಕುಣಿ

ಕಲಘಟಗಿ ಕಡೆಯ ನಮ್ಮೂರಿನ ಹಳ್ಳಕ್ಕೆ ಮಳೆಗಾಲದಲ್ಲೂ ನೆಟ್ಟಗೆ ಹರಿಯುವ ಯೋಗವಿಲ್ಲ. ಊರ ಕೆಳಗೆ ಮಸಾರಿ ಮಣ್ಣು ಮುಗಿದು ಸುಣ್ಣಕಲ್ಲಿನ ಹಾಸು ಶುರುವಾಗುತ್ತದೆ. ಕಲ್ಲಿನ ತುಂಬ ತೂತು, ಬಿರುಕು. ನಡುವೆ ಒಂದಾಳು ಇಳಿಯುವಷ್ಟು ದೊಡ್ಡ ಕುಣಿ. ಹಳ್ಳ ಗೊಳಗೊಳ ಸದ್ದು ಮಾಡುತ್ತ ಅದರೊಳಗೆ ಇಳಿದು ಕಾಣೆಯಾಗುತ್ತದೆ. ಮುಂದೆ ಎರಡು ಮೈಲಿ ಬರೀ ಒಣ ಪಾತ್ರ, ಬಿಳಿ ಕಲ್ಲು.

ಆ ಕುಣಿ ನಮ್ಮೂರಿಗೆ ಅಗದಿ ಅನುಕೂಲ. ಸತ್ತ ಕರು, ಕೊಳೆತ ಉಳ್ಳಾಗಡ್ಡಿ, ಒಡೆದ ಬಾಟಲಿ ಎಲ್ಲವೂ ಅದರ ಪಾಲು. "ಭೂಮ್ತಾಯಿ ಎಲ್ಲಾ ನುಂಗ್ತಾಳ ಬಿಡ್ರಿ" ಎನ್ನುತ್ತಿದ್ದರು ಹಿರಿಯರು. ಏನು ಹಿರಿತನವೋ! ನಾನೂ ಅವರಿಗೇನು ಕಡಿಮೆಯಿರಲಿಲ್ಲ. ಹತ್ತಿಗೆ ಹೊಡೆದು ಉಳಿದ ಕೀಟನಾಶಕವನ್ನು ದನ ಮುಟ್ಟಬಾರದೆಂದು ಕೆಂಪು ಮುಚ್ಚಳದ ಡಬ್ಬಿ ಸಮೇತ ಕುಣಿಗೆ ಹಾಕಿದೆ. ಭಾರಿ ಶಾಣ್ಯಾನ ಕೆಲಸ ಮಾಡಿದೆ ಅಂದುಕೊಂಡು, ಮನೆಗೆ ಬಂದು ಹೊಟ್ಟೆತುಂಬ ಉಂಡೆ.

ಮೂರನೆಯ ದಿನ ಕೆಳಗಿನ ಊರಿಗೆ ಕೊಟ್ಟಿದ್ದ ತಂಗಿಯ ಫೋನು ಬಂತು. ಅವರು ನೀರು ತುಂಬುವ ಸೆಲೆಯಲ್ಲಿ ಮೀನು ಸತ್ತು ತೇಲುತ್ತಿವೆ, ಮಗಳಿಗೆ ವಾಂತಿ ನಿಲ್ಲುತ್ತಿಲ್ಲ ಎಂದು ಅಳುತ್ತಿದ್ದಳು. ಗಾಡಿ ಹತ್ತಿ ಓಡಿದೆ. ಸೆಲೆ ಹುಟ್ಟುವುದು ಗುಡ್ಡದ ಬುಡದಲ್ಲಿ, ಅದೇ ಬಿಳಿ ಕಲ್ಲಿನ ಬಿರುಕಿನಿಂದ. ನೀರಿನ ಮೇಲೆ ನನ್ನ ಡಬ್ಬಿಯ ಕೆಂಪು ಮುಚ್ಚಳ ತೇಲುತ್ತಿತ್ತು. ನಾವು ಕುಣಿಗೆ ಹಾಕಿದ್ದೆಲ್ಲ ನೆಲದಡಿ ಹಾದು ಇವರ ಕೊಡಕ್ಕೆ ಬರುತ್ತಿತ್ತು.

ಹುಡುಗಿ ಹುಬ್ಬಳ್ಳಿಯ ದವಾಖಾನೆಯಲ್ಲಿ ಎಂಟು ದಿನ ಮಲಗಿ ಹೇಗೋ ಉಳಿದಳು. ತಂಗಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳು ಬೈಯಲಿಲ್ಲ.

"ಇಷ್ಟ ವರ್ಷ ನಾವು ನಿಮ್ಮ ಸತ್ತ ಕರಾ ತೊಳದ ನೀರ ಕುಡದೇವೇನಣ್ಣಾ?" ಎಂದು ಕೇಳಿದಳು. ನಾಲ್ಕು ಬಡಿದಿದ್ದರೂ ತಡೆದುಕೊಳ್ಳುತ್ತಿದ್ದೆ.

ಊರಲ್ಲಿ ಹೇಳಿದರೆ, "ನೀ ವಿಷಾ ಹಾಕಿದಿ, ನಿನ್ನ ತಪ್ಪು. ನಮ್ಮ ಕಸಾ ಏನ್ ಮಾಡೈತಲೇ?" ಎಂದು ನನ್ನ ಮೇಲೇ ಬಂದರು. ಥೂ, ನಾಚಿಕೆಗೆಟ್ಟವರು! ಇವತ್ತಿಗೂ ಎಸೆಯುತ್ತಾರೆ.

ಈ ಸಲ ಪಂಚಮಿಗೆ ತಂಗಿಯನ್ನೂ ಅವಳ ಮಗಳನ್ನೂ ತವರಿಗೆ ಕರೆತಂದೆ. ಬಾಗಿಲಲ್ಲೇ ಅವ್ವ ಚರಿಗೆ ತುಂಬ ನೀರು ಕೊಟ್ಟಳು. ತಂಗಿ ಆ ನೀರಿನಿಂದ ಕಾಲು ತೊಳೆದು ಒಳಗೆ ಬಂದಳು. ಮಗಳು ನೀರಡಿಕೆ ಎಂದಾಗ ಅವ್ವ ಲೋಟ ಹಿಡಿದಳು.

"ಬೋರಿನ ನೀರ ಬೇ, ಅಗದಿ ಚೊಕ್ಕ ಐತಿ."

"ಇರ್ಲಿ ಬೇ, ನಾವು ತಂದೇವಿ" ಎಂದ ತಂಗಿ ಚೀಲದಿಂದ ಬಾಟಲಿ ತೆಗೆದಳು.